ಲಿಂಗಪೂಜೆಯ ತೋಳೂ ಹೆಗಲ ನೋವೂ

ಇಷ್ಟಲಿಂಗ ಪೂಜೆಗೆ ಕುಳಿತವರ ಎಡದೋಳು ಯಾವ ಭಂಗಿಯಲ್ಲಿರುತ್ತದೆ ಎಂಬುದನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ಗಮನವೆಲ್ಲ ಲಿಂಗದ ಮೇಲೆಯೇ ಇರತಕ್ಕದ್ದು, ಅದು ಸರಿಯೇ. ಆದರೆ ಅರವತ್ತು ದಾಟಿದ ಮೇಲೆ ಒಂದು ದಿನ ತೋಳೇ ಕೂಗತೊಡಗಿದರೆ ಗಮನಿಸದೆ ವಿಧಿಯಿಲ್ಲ. ಅಂಗೈ ಮೇಲ್ಮುಖವಾಗಿರುತ್ತದೆ, ಮೊಣಕೈ ಬಾಗಿರುತ್ತದೆ, ಲಿಂಗವು ದೃಷ್ಟಿಯ ಮಟ್ಟಕ್ಕೆ ಬರುವಂತೆ ತೋಳು ಮುಂದಕ್ಕೆ ಎತ್ತಿರುತ್ತದೆ. ನೋಟ ನೆಲೆಗೊಳ್ಳುವವರೆಗೂ ಕೈ ಅಲುಗಬಾರದು. ಲಿಂಗದ ತೂಕ ಏನೇನೂ ಅಲ್ಲ, ಭಾರವೆಲ್ಲ ತೋಳಿನದೇ. ಅಂಗೈಯನ್ನು ಮೇಲಕ್ಕೆ ಹೊರಳಿಸುವುದು, ಮೊಣಕೈಯನ್ನು ಬಗ್ಗಿಸುವುದು, ತೋಳನ್ನು ಮುಂದಕ್ಕೆ ಎತ್ತಲು ನೆರವಾಗುವುದು ಈ ಮೂರೂ ಕೆಲಸಗಳಲ್ಲಿ ಪಾಲುಗೊಳ್ಳುವ ಸ್ನಾಯುವೊಂದಿದೆ. ತೋಳಿನ ಮುಂಭಾಗದಲ್ಲಿ ಉಬ್ಬಿ ಕಾಣುವ ಅದನ್ನು ವೈದ್ಯರು ಬೈಸೆಪ್ಸ್ ಎನ್ನುತ್ತಾರೆ. ಎರಡು ತಲೆಗಳಿರುವುದರಿಂದ ನಮ್ಮ ಶಾಸ್ತ್ರಭಾಷೆಯಲ್ಲಿ ಅದು ದ್ವಿಶಿರ ಸ್ನಾಯು.

ನಾವು ಬಾಲ್ಯದಲ್ಲಿ ಸಿದ್ಧಗಂಗೆಯಲ್ಲಿ ಓದಿದವರು. ನೀರು ಹೊತ್ತು, ಸೌದೆ ಹೊತ್ತು, ದಾಸೋಹದ ಪಂಕ್ತಿಯಲ್ಲಿ ಬಡಿಸಿ ಬೆಳೆದ ತೋಳುಗಳಿಗೆ ಅಂಗೈಯಗಲದ ಪೂಜೆ ಎಂದಾದರೂ ಕಷ್ಟವಾದೀತೆಂಬ ಎಣಿಕೆಯೇ ನಮಗಿರಲಿಲ್ಲ. ಎರಡು ವರ್ಷಗಳ ಹಿಂದಿನ ಕಾರ್ತಿಕದಲ್ಲಿ, ಸತ್ಯಮಂಗಲದ ನಮ್ಮ ಮನೆಯಲ್ಲಿ ಬೆಳಗಿನ ಪೂಜೆಗೆ ಕುಳಿತಾಗ, ಎಡ ಹೆಗಲಿನ ಮುಂಭಾಗದಲ್ಲಿ ಹೆಬ್ಬೆರಳಿನಷ್ಟು ಜಾಗದಲ್ಲಿ ಸೂಜಿ ಚುಚ್ಚಿದಂತಾಗುತ್ತಿತ್ತು. ದಿನ ಕಳೆದಂತೆ ಅದು ತೋಳಿನ ನಡುವಿನವರೆಗೂ ಇಳಿಯಿತು. ಮೇಲಿನ ಹಲಗೆಯಿಂದ ಪುಸ್ತಕ ತೆಗೆಯುವಾಗ, ಅಂಗಿಯ ತೋಳಿಗೆ ಕೈ ತೂರಿಸುವಾಗ, ರಾತ್ರಿ ಎಡಮಗ್ಗುಲಾಗುವಾಗ ಅದೇ ನೋವು. ಬಂದವರೆಲ್ಲರೂ ಒಂದೊಂದು ಕಾರಣ ಹೇಳಿದರು. ಒಬ್ಬರಿಗೆ ಅದು ವಾಯು, ಇನ್ನೊಬ್ಬರಿಗೆ ವಯಸ್ಸು, ಮತ್ತೊಬ್ಬರಿಗೆ ರಾತ್ರಿಯ ಫ್ಯಾನಿನ ಗಾಳಿ.

ವಯಸ್ಸಿನ ಮಾತನ್ನು ನಾವು ಅಷ್ಟು ಸುಲಭವಾಗಿ ಒಪ್ಪುವವರಲ್ಲ. 1907ರಲ್ಲಿ ಜನಿಸಿ, 2019ರ ಜನವರಿ 21ರಂದು 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಪೂಜ್ಯ ಶಿವಕುಮಾರ ಮಹಾಸ್ವಾಮಿಗಳು ತಮ್ಮ ಇಳಿವಯಸ್ಸಿನಲ್ಲಿಯೂ ಲಿಂಗಪೂಜೆಯನ್ನು ಬಿಡದೆ ನಡೆಸಿದುದನ್ನು ಈ ಸೀಮೆಯವರೆಲ್ಲ ಬಲ್ಲರು. ವಯಸ್ಸು ನೋವಿಗೆ ದಾರಿ ಮಾಡಿಕೊಡಬಹುದು, ಅದೊಂದೇ ಕಾರಣವಾಗಲಾರದು. ಹಾಗೆಂದು ಆ ಮಹನೀಯರ ಉದಾಹರಣೆಯನ್ನು ತೋರಿಸಿ, ನೋಯುವ ತೋಳನ್ನು ಬಲವಂತವಾಗಿ ಎತ್ತಿಸುವುದೂ ಸಲ್ಲದು. ಇವೆರಡನ್ನೂ ನಮ್ಮ ಬೀದಿಯಲ್ಲೇ ಕಂಡಿದ್ದೇವೆ.

ನಮ್ಮ ಬೀದಿಯ ಹಿರಿಯ ತಾಯಿಯೊಬ್ಬರಿಗೆ ನಮಗಿಂತ ಮೊದಲೇ ಇದೇ ನೋವು ಬಂದಿತ್ತು. ಅವರಿಗೆ ಸಕ್ಕರೆ ಕಾಯಿಲೆಯೂ ಇತ್ತು. ಮನೆಯವರು ಹೆದರಿ ಕೈಯನ್ನು ಕೊರಳಿಗೆ ಬಟ್ಟೆಯಿಂದ ಕಟ್ಟಿ, ಎರಡು ತಿಂಗಳು ಅಲುಗಿಸಗೊಡಲಿಲ್ಲ. ನಾವು ನೋಡಲು ಹೋದಾಗ ಅವರು, “ಬುದ್ಧಿ, ಕೈ ಮೇಲಕ್ಕೇ ಏಳಲೊಲ್ಲದು. ಲಿಂಗಪ್ಪನ್ನ ತಟ್ಟೆ ಮೇಲಿಟ್ಟು ಕೈ ಮುಗಿದುಬಿಡ್ತೀನಿ. ಕೈಯಲ್ಲಿ ಹಿಡಿದು ನೋಡದೆ ಎಷ್ಟು ದಿನವಾಯ್ತೋ” ಎಂದು ಕಣ್ಣೀರಿಟ್ಟರು. ಐವತ್ತು ವರ್ಷ ತಪ್ಪದೆ ನಡೆದು ಬಂದ ಕ್ರಮ ಅದು. ಕಟ್ಟು ಬಿಚ್ಚಿದಾಗ ಹೆಗಲು ಕೀಲಿನಲ್ಲೇ ಬಿಗಿದುಹೋಗಿತ್ತು. ಸಣ್ಣ ನೋವೊಂದು ದೊಡ್ಡ ರೋಗವಾದ ಬಗೆ ಇದು. ಈ ಲೇಖನವನ್ನು ಬರೆಯಲು ನಮ್ಮನ್ನು ಪ್ರೇರಿಸಿದುದು ನಮ್ಮ ನೋವಿಗಿಂತ ಆ ತಾಯಿಯ ಮಾತೇ.

ರೋಗವನ್ನು ಅರಿಯಬೇಕಾದರೆ ಹಳೆಯ ಬಾವಿಯೊಂದನ್ನು ನೆನೆದುಕೊಳ್ಳೋಣ. ಸ್ನಾಯುವು ಮೂಳೆಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ತುದಿಯಲ್ಲಿ ಗಟ್ಟಿಯಾದ ಬಿಳಿಯ ಹಗ್ಗವಾಗಿ ಮಾರ್ಪಟ್ಟು ಮೂಳೆಯನ್ನು ಹಿಡಿಯುತ್ತದೆ. ಇದಕ್ಕೆ ಸ್ನಾಯುರಜ್ಜು ಎಂದು ಹೆಸರು. ಸುಶ್ರುತ ಸಂಹಿತೆಯು ಇಂತಹ ದಪ್ಪ ಹಗ್ಗಗಳನ್ನು ಕಂಡರಾ ಎಂದು ಕರೆದು 16 ಎಂದು ಎಣಿಸಿದೆ. ದ್ವಿಶಿರ ಸ್ನಾಯುವಿಗೆ ಮೇಲ್ಗಡೆ ಎರಡು ರಜ್ಜುಗಳು. ಗಿಡ್ಡದು ತೊಂದರೆ ಕೊಡುವುದು ಅಪರೂಪ. ಉದ್ದನೆಯದು ಹೆಗಲಿನ ಹಲಗೆಮೂಳೆಯಲ್ಲಿರುವ ಕೀಲಿನ ಗುಳಿಯ ಮೇಲಂಚಿನಿಂದ ಹೊರಟು, ಕೀಲಿನೊಳಗೇ ಹಾದು, ತೋಳಿನ ಮೂಳೆಯ ತಲೆಯನ್ನು ಬಳಸಿ ತಿರುಗಿ, ಆ ಮೂಳೆಯ ಮುಂಭಾಗದಲ್ಲಿ ಎರಡು ಉಬ್ಬುಗಳ ನಡುವಿನ ಕಿರಿದಾದ ಕಾಲುವೆಯಲ್ಲಿ ಕೆಳಗಿಳಿಯುತ್ತದೆ. ರಾಟೆಯ ಗಾಡಿಯಲ್ಲಿ ಹಗ್ಗ ಓಡಾಡುವಂತೆ, ತೋಳು ಎತ್ತಿ ಇಳಿಸಿದಾಗಲೆಲ್ಲ ರಜ್ಜುವಿಗೂ ಕಾಲುವೆಗೂ ಉಜ್ಜಾಟ. ನಮ್ಮ ಕಡೆಯ ಹಳೆಯ ಬಾವಿಗಳ ಕಟ್ಟೆಗಲ್ಲಿನಲ್ಲಿ ಹಗ್ಗ ಸವೆಸಿದ ಗೆರೆಗಳನ್ನು ಹಿರಿಯರು ನೋಡಿಯೇ ಇದ್ದಾರೆ. ಅಲ್ಲಿ ಕಲ್ಲೇ ಸವೆದಿದೆ. ಇಲ್ಲಿ ಸವೆಯುವುದು ಹಗ್ಗ.

ಹೊಸದಾಗಿ ಅತಿಯಾಗಿ ಉಜ್ಜಿದಾಗ ರಜ್ಜುವಿನ ಹೊದಿಕೆ ಊದಿಕೊಂಡು ಉರಿಯುತ್ತದೆ. ಇದನ್ನು ವೈದ್ಯರು ಟೆಂಡಿನೈಟಿಸ್ ಎನ್ನುವರು. ತಿಂಗಳುಗಟ್ಟಲೆ ಅದೇ ನಡೆದರೆ ಉರಿಯೂತ ತಗ್ಗಿ, ಎಳೆಗಳೇ ನವೆದು, ಹಳೆಯ ಸೆಣಬಿನ ಹಗ್ಗದಂತೆ ಸಿಬಿರು ಸಿಬಿರಾಗುತ್ತವೆ. ಎರಡಕ್ಕೂ ಜನ ಒಂದೇ ಹೆಸರಿಟ್ಟಿದ್ದರೂ ಚಿಕಿತ್ಸೆಯಲ್ಲಿ ವ್ಯತ್ಯಾಸವುಂಟು. ಮೊದಲನೆಯದಕ್ಕೆ ವಿಶ್ರಾಂತಿ ಮುಖ್ಯ, ಎರಡನೆಯದಕ್ಕೆ ಹದವರಿತ ದುಡಿಮೆ. ಬಹುಪಾಲು ಜನರಲ್ಲಿ ಈ ರಜ್ಜು ಒಂಟಿಯಾಗಿ ನೋಯುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಹೆಗಲಿನ ಕೀಲನ್ನು ಸುತ್ತುವರಿದು ಹಿಡಿದಿರುವ ನಾಲ್ಕು ಸ್ನಾಯುಗಳ ಪಟ್ಟಿಯೊಂದಿದೆ, ರೊಟೇಟರ್ ಕಫ್ ಎಂದು ಅದರ ಹೆಸರು. ಅದು ದುರ್ಬಲವಾದಾಗ ತೋಳಿನ ಮೂಳೆ ತುಸು ಮೇಲಕ್ಕೆ ಜರುಗಿ, ಮೇಲಿನ ಮೂಳೆಯ ಚಾವಣಿಗೂ ತನಗೂ ನಡುವೆ ರಜ್ಜುವನ್ನು ಹಿಸುಕುತ್ತದೆ. ಹೀಗಾಗಿ ಮುಂಭಾಗದ ನೋವಿಗೆ ಮೂಲ ಹಿಂಭಾಗದಲ್ಲಿರಬಹುದು. ನೋಯುವ ಜಾಗವನ್ನಷ್ಟೇ ತಿಕ್ಕಿದರೆ ಫಲವಿಲ್ಲದಿರುವುದು ಇದಕ್ಕಾಗಿಯೇ.

ಪೂಜೆಯೊಂದೇ ಇದಕ್ಕೆ ಕಾರಣವೆಂದು ಯಾರೂ ಭಾವಿಸಬಾರದು. ಹತ್ತು ನಿಮಿಷದ ಪೂಜೆ ಆರೋಗ್ಯವಂತ ಹೆಗಲನ್ನು ಕೆಡಿಸಲಾರದು; ಬೇರೆಡೆ ಸವೆದ ಹೆಗಲು ಪೂಜೆಯ ವೇಳೆಯಲ್ಲಿ ತನ್ನ ನೋವನ್ನು ತೋರಿಸಿಕೊಳ್ಳುತ್ತದೆ, ಅಷ್ಟೆ. ಗುಬ್ಬಿ, ಕುಣಿಗಲ್ ಸೀಮೆಯ ತೋಟಗಳಲ್ಲಿ ದೋಟಿ ಹಿಡಿದು ದಿನವಿಡೀ ಮೇಲೆ ನೋಡುತ್ತ ಕಾಯಿ ಕೆಡವುವವರನ್ನು ನೋಡಿ. ನೆಲಕ್ಕೆ ನಟ್ಟ ಕಬ್ಬಿಣದ ಮೊನೆಗೆ ತೆಂಗಿನಕಾಯಿ ಹೊಡೆದು, ತಿರುಚಿ ತಿರುಚಿ ಸಿಪ್ಪೆ ಬಿಡಿಸುವವರನ್ನು ನೋಡಿ. ಮುಂಗೈಯನ್ನು ತಿರುಚುವ ಬಲದಲ್ಲಿ ದ್ವಿಶಿರ ಸ್ನಾಯುವಿನ ಪಾಲು ದೊಡ್ಡದು. ಸತ್ಯಮಂಗಲದ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಹುಡುಗರು ಹೆಗಲೆತ್ತರಕ್ಕಿಂತ ಮೇಲೆ ಪೆಟ್ಟಿಗೆ ಪೇರಿಸುತ್ತಾರೆ. ಅವರಲ್ಲಿ ಇಬ್ಬರು ಸಂಜೆ ನಮ್ಮ ಮನೆಗೆ ಪಾಠಕ್ಕೆ ಬರುವವರು, ಇಬ್ಬರದೂ ಇದೇ ದೂರು. ಮನೆಯೊಳಗಿನ ತಾಯಂದಿರು ತುಂಬಿದ ಬಿಂದಿಗೆಯನ್ನು ಕೈ ಚಾಚಿ ಎತ್ತುವುದು, ಅನಿಲದ ಸಿಲಿಂಡರನ್ನು ಎಳೆಯುವುದು, ಅಟ್ಟದ ಮೇಲಿನ ಪಾತ್ರೆ ಇಳಿಸುವುದು ಇವೆಲ್ಲವೂ ಅದೇ ಹಗ್ಗದ ಮೇಲೆ ಬೀಳುವ ಭಾರ.

ತುಮಕೂರಿನ ಮೂಳೆ ವೈದ್ಯರೊಬ್ಬರು ನಮ್ಮನ್ನು ಪರೀಕ್ಷಿಸಿದ ಬಗೆಯನ್ನು ಹೇಳಲೇಬೇಕು. ತೋಳನ್ನು ಮುಂದಕ್ಕೆ ಚಾಚಿಸಿ, ಅಂಗೈಯನ್ನು ಮೇಲ್ಮುಖ ಮಾಡಿಸಿ, ತಾವು ಮೇಲಿನಿಂದ ಒತ್ತುತ್ತ, “ಎತ್ತಿ ಸ್ವಾಮಿ” ಎಂದರು. ಕಾಲುವೆಯಿರುವ ಜಾಗದಲ್ಲಿ ನೋವು ಚುಚ್ಚಿತು. ನಮಗೆ ನಗು ಬಂದಿತು. ಮೊಣಕೈ ನೆಟ್ಟಗಿತ್ತೆಂಬುದೊಂದನ್ನು ಬಿಟ್ಟರೆ ಅದು ನಮ್ಮ ಪೂಜೆಯ ಭಂಗಿಯೇ! ಸ್ಪೀಡ್ ಪರೀಕ್ಷೆ ಎಂದು ಅದರ ಹೆಸರಂತೆ. ಇನ್ನೊಂದು ಪರೀಕ್ಷೆಯಲ್ಲಿ ಮೊಣಕೈಯನ್ನು ಪಕ್ಕೆಗೆ ತಾಗಿಸಿ ಬಾಗಿಸಿಕೊಂಡು, ವೈದ್ಯರು ತಡೆಯುತ್ತಿರುವಾಗ ಅಂಗೈಯನ್ನು ಮೇಲಕ್ಕೆ ಹೊರಳಿಸಬೇಕು. ಅದನ್ನು 1931ರಲ್ಲಿ ಯರ್ಗಸನ್ ಎಂಬ ವೈದ್ಯರು ವಿವರಿಸಿದರು. ಈ ಪರೀಕ್ಷೆಗಳು ದಾರಿ ತೋರಿಸುತ್ತವೆಯೇ ಹೊರತು ತೀರ್ಪು ಹೇಳುವುದಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಕಾಣುವುದೇ ವಿನಾ ರಜ್ಜು ಕಾಣದು. ಸಂದೇಹ ಉಳಿದರೆ ಅಲ್ಟ್ರಾಸೌಂಡ್, ಅದಕ್ಕೂ ಬಗೆಹರಿಯದಿದ್ದರೆ ಎಂಆರ್‌ಐ.

ಒಂದು ಎಚ್ಚರಿಕೆಯನ್ನು ತಡಮಾಡದೆ ಹೇಳಿಬಿಡುತ್ತೇವೆ. ಎಡ ಹೆಗಲಿನ ನೋವೆಲ್ಲ ಹೆಗಲಿನದಾಗಿರಬೇಕೆಂದಿಲ್ಲ. ತೋಳನ್ನು ಆಡಿಸಿದಾಗ ಹೆಚ್ಚಿ, ಬಿಟ್ಟಾಗ ತಗ್ಗುವ, ಬೆರಳಿನಿಂದ ಒತ್ತಿದರೆ ಅದೇ ಜಾಗದಲ್ಲಿ ಸಿಗುವ ನೋವು ಬಹುಮಟ್ಟಿಗೆ ರಜ್ಜುವಿನದು. ಆದರೆ ನಡೆದಾಗ, ಮೆಟ್ಟಿಲು ಹತ್ತಿದಾಗ ಬರುವ, ಎದೆ ಹಿಂಡಿದಂತಾಗಿ ಬೆವರು, ಉಸಿರುಗಟ್ಟು, ವಾಕರಿಕೆಯೊಡನೆ ಎಡದೋಳಿಗೋ ದವಡೆಗೋ ಹರಿಯುವ ನೋವು ಹೃದಯದ್ದಾಗಿರಬಹುದು. ಆಗ ಎಣ್ಣೆ ಹಚ್ಚುತ್ತ ಕುಳಿತಿರದೆ 108ಕ್ಕೆ ಕರೆಮಾಡಿ ಕೂಡಲೇ ಆಸ್ಪತ್ರೆ ಸೇರಬೇಕು. ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಹೃದಯಾಘಾತ ಆಗುವುದುಂಟು. ಅವರು ಇನ್ನಷ್ಟು ಜಾಗ್ರತೆಯಿಂದಿರಬೇಕು.

ಇನ್ನು ಚಿಕಿತ್ಸೆಯ ವಿಚಾರ. ಮೊದಲ ಒಂದೆರಡು ವಾರ ನೋಯಿಸುವ ಕೆಲಸವನ್ನು ಬಿಡಬೇಕು, ಆದರೆ ತೋಳನ್ನು ಬಿಡಬಾರದು. ಹೆಗಲಿಗಿಂತ ಮೇಲಕ್ಕೆ ಕೈ ಎತ್ತುವುದು, ಚಾಚಿದ ಕೈಯಿಂದ ಭಾರ ಎತ್ತುವುದು, ತಿರುಚುವುದು ಇವು ಬೇಡ. ಊಟ, ಸ್ನಾನ, ಬಟ್ಟೆ ತೊಡುವುದು, ನೋವಿಲ್ಲದಷ್ಟು ಎತ್ತರಕ್ಕೆ ಕೈ ಆಡಿಸುವುದು ನಡೆಯಲೇಬೇಕು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ದಿನಕ್ಕೆ ಎರಡು ಮೂರು ಬಾರಿ, 10ರಿಂದ 15 ನಿಮಿಷ ಇಟ್ಟರೆ ಉರಿ ತಗ್ಗುತ್ತದೆ. ಬೆಚ್ಚಗಿನ ಎಣ್ಣೆಯನ್ನು ಮೃದುವಾಗಿ ಸವರುವುದರಿಂದ ಸುತ್ತಲ ಸ್ನಾಯುಗಳಿಗೆ ಹಿತ. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆಯುರ್ವೇದದಲ್ಲಿ ತೋಳು ಎತ್ತಲಾಗದ ರೋಗಕ್ಕೆ ಅವಬಾಹುಕವೆಂಬ ಹೆಸರಿದ್ದು, ಆ ಪದ್ಧತಿಯನ್ನು ಬಲ್ಲ ವೈದ್ಯರ ಬಳಿ ಹೋಗುವವರು ಹೋಗಲಿ. ಆದರೆ ಹೆಬ್ಬೆರಳಿನಿಂದ ನೋಯುವ ಕಾಲುವೆಯನ್ನೇ ಒತ್ತಿ ತಿಕ್ಕುವುದು, ‘ಉಳುಕು ತೆಗೆಯುತ್ತೇವೆ’ ಎಂದು ತೋಳನ್ನು ಜಗ್ಗುವುದು ನವೆದ ಹಗ್ಗವನ್ನು ಹರಿಯುವ ಕೆಲಸ. ಮೂಳೆ ಮುರಿದಾಗ ಕಟ್ಟು ಹಾಕುವ ಕ್ರಮವನ್ನು ಇಲ್ಲಿಗೆ ತರುವುದೂ ತರವಲ್ಲ.

ನೋವಿನ ಮಾತ್ರೆಗಳನ್ನು ಅಂಗಡಿಯಲ್ಲಿ ಕೇಳಿ ತಂದು ನುಂಗುವ ಅಭ್ಯಾಸ ನಮ್ಮ ಮನೆಗಳಲ್ಲಿ ಬೇರೂರಿದೆ. ರಕ್ತದೊತ್ತಡ, ಮೂತ್ರಪಿಂಡದ ದೋಷ, ಹೊಟ್ಟೆಹುಣ್ಣು ಇರುವವರಿಗೆ, ರಕ್ತ ತೆಳುವಾಗಿಸುವ ಔಷಧ ಸೇವಿಸುವವರಿಗೆ ಅವು ಅಪಾಯ ತರಬಲ್ಲವು. ಇನ್ನೊಂದು ವಿಷಯ ಹೆಚ್ಚಿನವರಿಗೆ ತಿಳಿದಿರಲಿಕ್ಕಿಲ್ಲ. ಸಿಪ್ರೋಫ್ಲಾಕ್ಸಸಿನ್, ಲಿವೋಫ್ಲಾಕ್ಸಸಿನ್ ಮುಂತಾದ ಜೀವಿರೋಧಕಗಳು ರಜ್ಜುಗಳನ್ನು ದುರ್ಬಲಗೊಳಿಸಿ ಹರಿಯುವಂತೆ ಮಾಡಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಕಟ್ಟುನಿಟ್ಟಾದ ಎಚ್ಚರಿಕೆ ಹೊರಡಿಸಿತು. ಅರವತ್ತು ದಾಟಿದವರಿಗೂ ಸ್ಟೀರಾಯ್ಡ್ ಸೇವಿಸುವವರಿಗೂ ಅಪಾಯ ಹೆಚ್ಚು. ಮೂತ್ರದ ಉರಿಗೋ ಭೇದಿಗೋ ಇವನ್ನು ಬರೆಯುವಾಗ, ಹೆಗಲ ನೋವಿರುವುದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಚುಚ್ಚುಮದ್ದಿನ ಬಗ್ಗೆಯೂ ಜನರಲ್ಲಿ ಎರಡು ಅತಿರೇಕಗಳಿವೆ. ಒಂದೇ ಸೂಜಿಗೆ ಗುಣವೆಂದು ಓಡುವವರು ಒಂದು ಕಡೆ, ಸೂಜಿಯೆಂದರೆ ಕೈ ಹೋದಂತೆ ಎಂದು ಹೆದರುವವರು ಇನ್ನೊಂದು ಕಡೆ. ಸ್ಟೀರಾಯ್ಡ್ ಚುಚ್ಚುಮದ್ದನ್ನು ರಜ್ಜುವಿನ ಹೊದಿಕೆಯೊಳಗೆ, ರಜ್ಜುವಿಗೆ ತಾಗದಂತೆ ಕೊಡಬೇಕು. ಅಲ್ಟ್ರಾಸೌಂಡಿನಲ್ಲಿ ನೋಡಿಕೊಂಡು ಕೊಡುವುದು ಲೇಸು. ಉರಿ ಶಮನವಾಗಿ ವ್ಯಾಯಾಮಕ್ಕೆ ಅವಕಾಶ ದೊರೆಯುತ್ತದೆ. ಪದೇ ಪದೇ ಕೊಟ್ಟರೆ ರಜ್ಜು ಹರಿಯಬಹುದು. ಮಧುಮೇಹಿಗಳಲ್ಲಿ ಕೆಲವು ದಿನ ಸಕ್ಕರೆ ಏರುತ್ತದೆ. ನಮಗೆ ಅದರ ಅಗತ್ಯ ಬೀಳಲಿಲ್ಲ.

ಈಗ ಪೂಜೆಯ ಪ್ರಶ್ನೆಗೆ ಬರೋಣ. ನೋವಿರುವಾಗ ಲಿಂಗವನ್ನು ಹಿಡಿಯುವ ಬಗೆ ಹೇಗೆ? ಹಿಡಿಯದೇ ಬಿಡಬೇಕೆಂದರೆ ಆ ತಾಯಿಯಂತೆ ಎಷ್ಟು ಜನ ಒಳಗೊಳಗೇ ಬೇಯುತ್ತಾರೋ. ಹಳೆಯ ಕಾಲದ ಯತಿಗಳು ಜಪಕ್ಕೆ ಕುಳಿತಾಗ ತೋಳಿನ ಕೆಳಗೆ ಯೋಗದಂಡವೆಂಬ ಮರದ ಆಸರೆಯನ್ನು ಇಟ್ಟುಕೊಳ್ಳುತ್ತಿದ್ದರು. ಹಲವು ಮಠಗಳಲ್ಲಿ ಅದನ್ನು ಈಗಲೂ ಕಾಣಬಹುದು. ಪ್ರಾಚೀನ ಶಿಲ್ಪಗಳಲ್ಲಿಯೂ ಅದುಂಟು. ತೋಳು ದಣಿದರೆ ಚಿತ್ತವೂ ಕದಲುವುದೆಂದು ಅವರು ಅರಿತಿದ್ದರು. ನಾವು ನಮ್ಮ ಗುರುಗಳಲ್ಲಿ ಈ ವಿಚಾರವನ್ನು ನಿವೇದಿಸಿಕೊಂಡಾಗ, ಆಸರೆ ಕೊಟ್ಟು ಹಿಡಿದರೂ ಲಿಂಗ ಕರಸ್ಥಲದಲ್ಲೇ ಇರುವುದಷ್ಟೆ ಎಂದು ಸರಳವಾಗಿ ಹೇಳಿ ಮುಗಿಸಿದರು. ಅಂದೇ ಬಡಗಿಯನ್ನು ಕರೆಸಿ, ಕುಳಿತಾಗ ಎಡ ಮೊಣಕೈಯ ಕೆಳಗೆ ನಿಲ್ಲುವಂತೆ ಚಿಕ್ಕ ಮಣೆಯೊಂದನ್ನು ಮಾಡಿಸಿದೆವು. ಮೇಲೆ ಮಡಿಬಟ್ಟೆಯ ನಾಲ್ಕು ಮಡಿಕೆ. ಮಣೆ ಹೆಚ್ಚು ಎತ್ತರವಾದರೆ ಹೆಗಲು ಕಿವಿಯ ಕಡೆಗೆ ಏರಿ ಮತ್ತೆ ಅದೇ ಹಿಸುಕಾಟ. ಹೆಗಲು ಸಡಿಲವಾಗಿ ಇಳಿದಿರುವಷ್ಟು ಎತ್ತರ ಸಾಕು. ನೋವು ಬಲವಾಗಿದ್ದ ದಿನಗಳಲ್ಲಿ ಲಿಂಗವನ್ನು ಕಣ್ಣಿನ ಮಟ್ಟಕ್ಕೆ ಎತ್ತದೆ ಎದೆಯ ಮಟ್ಟದಲ್ಲಿಯೇ ಹಿಡಿದು, ನೋಟವನ್ನು ಇಳಿಸಿಕೊಂಡೆವು. ಎರಡನೆಯ ತಿಂಗಳಿನಿಂದ ಅಂಗುಲ ಅಂಗುಲವಾಗಿ ಮೇಲೇರಿಸಿದೆವು. ಒಂದು ದಿನವೂ ಪೂಜೆ ತಪ್ಪಲಿಲ್ಲ.

ಆ ತಾಯಿಗೂ ಅಂಥದೇ ಮಣೆ ಮಾಡಿಸಿಕೊಟ್ಟೆವು. ಬಿಗಿದ ಹೆಗಲು ಸಡಿಲಗೊಳ್ಳಲು ಅವರಿಗೆ ಒಂದೂವರೆ ವರ್ಷವೇ ಹಿಡಿಯಿತು; ಹಿಂದಲೆಗೆ ಕೈ ಈಗಲೂ ಪೂರ್ತಿಯಾಗಿ ಹೋಗದು, ಸೊಸೆಯೇ ತುರುಬು ಕಟ್ಟಬೇಕು. ಆದರೆ ಮಣೆ ಬಂದ ಮೊದಲ ಸೋಮವಾರವೇ ಲಿಂಗ ಅವರ ಅಂಗೈಗೆ ಬಂದಿತು.

ವ್ಯಾಯಾಮಗಳಲ್ಲಿ ಮೊದಲನೆಯದು ಲೋಲಕದ್ದು. ಬಾಸ್ಟನ್ನಿನ ಶಸ್ತ್ರವೈದ್ಯ ಕಾಡ್‌ಮನ್ ಅವರ ಹೆಸರಿನಲ್ಲಿ ಅದು ಪ್ರಸಿದ್ಧ. ಅವರು 1934ರಲ್ಲಿ ಹೆಗಲೊಂದನ್ನೇ ಕುರಿತು ದೊಡ್ಡ ಗ್ರಂಥ ಬರೆದವರು. ಬಲಗೈಯನ್ನು ಮೇಜಿನ ಮೇಲೆ ಊರಿ, ಮುಂದಕ್ಕೆ ಬಾಗಿ, ಎಡದೋಳನ್ನು ಜೋಲು ಬಿಟ್ಟು, ಗಡಿಯಾರದ ಲೋಲಕದಂತೆ ಹಿಂದೆ ಮುಂದೆ, ಬಳಿಕ ಸಣ್ಣ ವೃತ್ತವಾಗಿ ತೂಗಬೇಕು. ಮುಂದಿನ ವಾರ ಗೋಡೆಯೆದುರು ನಿಂತು ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ನಡೆಸುವುದು. ಎರಡೂ ಹೆಗಲೆಲುಬುಗಳನ್ನು ಹಿಂದಕ್ಕೆ ಒಂದನ್ನೊಂದು ಮುಟ್ಟಿಸುವಂತೆ ಎಳೆದು ಐದೆಣಿಸುವುದು ಎಲ್ಲಕ್ಕಿಂತ ಸರಳ, ಎಲ್ಲಕ್ಕಿಂತ ಉಪಯುಕ್ತ. ಬೆನ್ನು ಗೂನಾಗಿಸಿ ಓದುವ ನಮ್ಮಂಥವರಿಗಂತೂ ಅಗತ್ಯವೇ. ನೋವು ಬಹುಮಟ್ಟಿಗೆ ಇಳಿದ ಮೇಲೆ ಭಾರದ ಸರದಿ. ಅರ್ಧ ಲೀಟರ್ ನೀರಿನ ಬಾಟಲಿಯನ್ನು ಅಂಗೈ ಮೇಲ್ಮುಖವಾಗಿ ಹಿಡಿದು, ಮೊಣಕೈ ಬಾಗಿಸಿ ಎತ್ತಿ, ಇಳಿಸುವಾಗ ಬಹಳ ನಿಧಾನವಾಗಿ ಇಳಿಸಬೇಕು. ಇಳಿಸುವ ಆ ನಿಧಾನದಲ್ಲಿಯೇ ಎಳೆಗಳು ಮತ್ತೆ ಬಲಗೊಳ್ಳುತ್ತವೆ ಎಂದು ವ್ಯಾಯಾಮ ಚಿಕಿತ್ಸಕರು ನಮಗೆ ಕಲಿಸಿಕೊಟ್ಟರು. ವ್ಯಾಯಾಮದ ವೇಳೆ ಅಲ್ಪ ನೋವು ಸಹ್ಯ. ಮರುದಿನ ಬೆಳಗಿಗೂ ಅದು ಉಳಿದಿದ್ದರೆ ಭಾರ ಹೆಚ್ಚಾಯಿತೆಂದು ತಿಳಿಯಬೇಕು.

ರಜ್ಜುವಿಗೆ ರಕ್ತದ ಪೂರೈಕೆ ಕಡಿಮೆಯಾದ್ದರಿಂದ ಅದು ಮಾಂಸದಂತೆ ಬೇಗ ಮಾಗದು. ಆರು ವಾರದಿಂದ ಮೂರು ತಿಂಗಳವರೆಗೆ ಕಾಯುವ ಸೈರಣೆ ಬೇಕು. ಅಷ್ಟಾದರೂ ಗುಣ ಕಾಣದವರಿಗೆ ಶಸ್ತ್ರಚಿಕಿತ್ಸೆಯುಂಟು. ರಜ್ಜುವನ್ನು ಅದರ ಮೂಲದಿಂದ ಬಿಡಿಸುತ್ತಾರೆ, ಇಲ್ಲವೇ ಬಿಡಿಸಿ ತೋಳಿನ ಮೂಳೆಗೆ ಕೂಡಿಸುತ್ತಾರೆ. ಹೆಗಲಿಗೆ ಕತ್ತರಿ ಬಿದ್ದರೆ ಎಲ್ಲ ಮುಗಿಯಿತೆಂದು ಕಂಗೆಡುವವರಿಗೆ ನಮ್ಮ ಅನಿಲ್ ಕುಂಬ್ಳೆಯವರನ್ನು ನೆನಪಿಸುತ್ತೇವೆ. ಅವರದು ನಮ್ಮ ಬಗೆಯ ನೋವಲ್ಲ, ಆಟಗಾರನ ದೊಡ್ಡ ಪೆಟ್ಟು. 2001ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬೌಲಿಂಗ್ ತೋಳಿನ ಹೆಗಲಿಗೇ ಶಸ್ತ್ರಚಿಕಿತ್ಸೆಯಾಯಿತು. ತಮ್ಮ 619 ಟೆಸ್ಟ್ ವಿಕೆಟುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಪಡೆದದ್ದು ಅದರ ತರುವಾಯ. ಹಿರಿಯರಲ್ಲಿ ಕೆಲವೊಮ್ಮೆ ರಜ್ಜು ತಾನಾಗಿಯೇ ‘ಟಪ್’ ಎಂದು ಹರಿದು, ತೋಳಿನ ಮಾಂಸ ಮೊಣಕೈಯತ್ತ ಜಾರಿ ಗಡ್ಡೆಯಂತೆ ಉಬ್ಬುತ್ತದೆ. ನೋಡುವವರಿಗೆ ಭಯವಾದರೂ ಅನೇಕರಿಗೆ ಅನಂತರ ಹಳೆಯ ನೋವೇ ಇಳಿಯುವುದುಂಟು. ಆದರೂ ವೈದ್ಯರಿಗೆ ತೋರಿಸದೆ ಇರಬಾರದು.

ಮನೆಗೆ ಬರುವ ತಾಯಂದಿರು ಹೆಚ್ಚಾಗಿ ಕೇಳುವುದು, ಬಿಂದಿಗೆ ಎತ್ತುವುದು ಯಾವಾಗ ಎಂದು. ಬಾಟಲಿಯ ಅಭ್ಯಾಸ ಎರಡು ವಾರ ನೋವಿಲ್ಲದೆ ನಡೆದ ಮೇಲೆ, ಕಾಲು ಭಾಗ ತುಂಬಿದ ಬಿಂದಿಗೆಯಿಂದ ಆರಂಭಿಸಬಹುದು. ಕೈ ಚಾಚಿ ಎತ್ತದೆ, ಹತ್ತಿರ ನಿಂತು, ಮೊಣಕೈಯನ್ನು ಪಕ್ಕೆಗೆ ತಾಗಿಸಿಕೊಂಡು, ಮಂಡಿ ಬಗ್ಗಿಸಿ ಎತ್ತಿ ಸೊಂಟಕ್ಕೆ ತರಬೇಕು. ಅಟ್ಟದ ಮೇಲಿನ ಭಾರದ ಪಾತ್ರೆಗಳನ್ನು ಸೊಂಟದೆತ್ತರದ ಕಟ್ಟೆಗೆ ಇಳಿಸಿಕೊಡಲು ಮಗನಿಗೋ ಮೊಮ್ಮಗನಿಗೋ ಇವತ್ತೇ ಹೇಳಿಬಿಡಿ.